ನಲವತ್ತೆಂಟರಲ್ಲೊಂದು ಹಡಗು

ಮುಂಬೈಯ ವಾಡಿಯಾ ಮನೆತನದ ಹಡಗುಕಟ್ಟುಗರು ಮಲಬಾರಿನ ತೇಗದಲ್ಲಿ ಕಟ್ಟಿದ ‘ಟ್ರಿಂಕೊಮಲೀ’ ಎಂಬ ಯುದ್ಧನೌಕೆ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇನ್ನೂರು ವರ್ಷ ದಾಟಿದ ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ತೋಪಿನ ಡೆಕ್ಕಿನ ಮಟ್ಟದಲ್ಲಿ ಅಳೆದರೆ ಅದರ ಉದ್ದ ಸುಮಾರು 46 ಮೀಟರು, ಅಗಲ 12 ಮೀಟರಿಗೆ ತುಸು ಹೆಚ್ಚು. ನಲವತ್ತೆಂಟರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಡಲು 95 ಸೆಂಟಿಮೀಟರು ಉದ್ದ, 25 ಸೆಂಟಿಮೀಟರು ಅಗಲವಾಗುತ್ತದೆ. ಮನೆಯ ಮೇಜಿನ ಮೇಲೆ ಕೂರುವ ಈ ಗಾತ್ರದಲ್ಲಿ ಆ ಹಡಗನ್ನು ಮರದಿಂದ ಮತ್ತೆ ಕಟ್ಟಬೇಕಾದರೆ ಏನೇನು ಬೇಕು?

ಕೇಳಿದವರಿಗೆಲ್ಲ ಮೊದಲು ಸಿಗುವುದು ಉಪಕರಣಗಳ ಪಟ್ಟಿ. ಪುಟ್ಟ ಟೇಬಲ್ ಗರಗಸ, ಲೇತ್, ಹಲಗೆ ಬಗ್ಗಿಸುವ ವಿದ್ಯುತ್ ಸಾಧನ, ತರಹೇವಾರಿ ಕ್ಲ್ಯಾಂಪು ಎಂದು ಅದು ಬೆಳೆಯುತ್ತಲೇ ಹೋಗುತ್ತದೆ. ಹಣವೆಲ್ಲ ಅಲ್ಲಿಗೇ ಸುರಿದು, ಹಗ್ಗ ಮತ್ತು ರಾಟೆಗಳ ಹೊತ್ತಿಗೆ ಕೈ ಬರಿದಾಗಿರುತ್ತದೆ. ನನ್ನ ಅಭಿಪ್ರಾಯ ಇದಕ್ಕೆ ಪೂರಾ ವಿರುದ್ಧ. ಮಾದರಿ ಹಡಗನ್ನು ನಿಜವೆನಿಸುವಂತೆ ಮಾಡುವುದು ಅಳತೆಯೊಂದೇ. ಎಷ್ಟೇ ನಯವಾಗಿ ಕಟ್ಟಿದ ಒಡಲನ್ನೂ ಅಳತೆ ತಪ್ಪಿದ ಒಂದು ಹಗ್ಗ ಆಟಿಕೆಯಾಗಿಸಿಬಿಡುತ್ತದೆ. ಆದ್ದರಿಂದ ಯಾವ ಉಪಕರಣ, ಯಾವ ಮರ, ಯಾವ ಬಿಡಿಭಾಗ ಎಂಬ ಪ್ರಶ್ನೆಗಳನ್ನೆಲ್ಲ ಅಳತೆಯ ಕಡೆಯಿಂದಲೇ ನೋಡಬೇಕು.

1:48 ಎಂಬುದು ಯಾರದೋ ಮನಸ್ಸಿಗೆ ತೋಚಿದ ಸಂಖ್ಯೆಯಲ್ಲ. ನಿಜದ ಒಂದು ಅಡಿಗೆ ಮಾದರಿಯಲ್ಲಿ ಕಾಲಿಂಚು ಎಂಬ ಲೆಕ್ಕದಿಂದ ಅದು ಬಂದಿದೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ನೌಕಾಮಂಡಳಿಯ ಕಾಲದ ಮಾದರಿಗಳು ಹೆಚ್ಚಾಗಿ ಇದೇ ಅಳತೆಯಲ್ಲಿ ತಯಾರಾದವು. ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ಬಯಲಾಗಿಯೇ ಬಿಟ್ಟ ಆ ಮಾದರಿಗಳನ್ನು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ಮಿನಲ್ಲೂ ಅಮೆರಿಕದ ಅನಾಪೊಲಿಸ್‌ನ ನೌಕಾ ಅಕಾಡೆಮಿಯ ಸಂಗ್ರಹದಲ್ಲೂ ನೋಡಬಹುದು. ಈ ಕಸುಬಿನಲ್ಲಿ ಮನುಷ್ಯನ ಕೈ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಇಂದಿಗೂ ಅವೇ ಸಾಕ್ಷಿ, ಮತ್ತು ಅವನ್ನು ಮಾಡಿದವರ ಬಳಿ ವಿದ್ಯುತ್ ಯಂತ್ರ ಒಂದೂ ಇರಲಿಲ್ಲ.

ಕಟ್ಟುವ ಮೊದಲು ನಕ್ಷೆ ಬೇಕು. ಬದಿಯಿಂದ, ಮೇಲಿನಿಂದ, ಮುಂದಿನಿಂದ ಕಂಡ ಮೂರು ಚಿತ್ರಗಳಲ್ಲಿ ಒಡಲಿನ ಬಾಗನ್ನೆಲ್ಲ ಹಿಡಿದಿಡುವ ರೇಖಾನಕ್ಷೆ ಅದು. ಇದರ ಬೆಲೆ ತಿಳಿಯಲು ಟ್ರಿಂಕೊಮಲೀಯ ಕಥೆಯೇ ಸಾಕು. ಮುಂಬೈಗೆಂದು ಕಳಿಸಿದ ಅದರ ನಕ್ಷೆಗಳು ‘ಜಾವಾ’ ಎಂಬ ಹಡಗಿನಲ್ಲಿದ್ದವು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ತೀರದಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಆ ಹಡಗನ್ನು ಸೋಲಿಸಿ ನಾಶಮಾಡಿತು. ಹೊಸ ನಕ್ಷೆ ಬರುವವರೆಗೆ ಮುಂಬೈಯ ಕಟ್ಟೆಯಲ್ಲಿ ಕೆಲಸ ಶುರುವಾಗಲಿಲ್ಲ. ಬ್ರಿಟಿಷ್ ಯುದ್ಧನೌಕೆಗಳ ಮೂಲ ನಕ್ಷೆಗಳ ಭಂಡಾರ ಈಗ ಗ್ರೀನಿಚ್‌ನ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ, ಪ್ರತಿಗಳು ಸಿಗುತ್ತವೆ. ಹಗ್ಗ ಮತ್ತು ಕೂವೆಕಂಬಗಳ ವಿಷಯಕ್ಕೆ ಡೇವಿಡ್ ಸ್ಟೀಲ್ 1794ರಲ್ಲಿ ಪ್ರಕಟಿಸಿದ ಕೈಪಿಡಿಯ ಕೋಷ್ಟಕಗಳನ್ನು ಇಂದಿನವರೂ ತಿರುವುತ್ತಾರೆ. ಫ್ರೆಂಚ್ ಹಡಗುಗಳಾದರೆ 74 ತೋಪಿನ ನೌಕೆಯ ಬಗ್ಗೆ ಜಾನ್ ಬೂದ್ರಿಯೊ ನಾಲ್ಕು ಸಂಪುಟಗಳಲ್ಲಿ ಬರೆದದ್ದಕ್ಕಿಂತ ಉತ್ತಮವಾದುದು ಇಲ್ಲ.

ಒಡಲು ಕಟ್ಟುವ ವಿಧಾನ ಮುಖ್ಯವಾಗಿ ಮೂರು. ಗಟ್ಟಿ ಮರದ ದಿಮ್ಮಿಯನ್ನೋ ಒಂದರ ಮೇಲೊಂದು ಅಂಟಿಸಿದ ಹಲಗೆಗಳನ್ನೋ ಹೊರಗಿನಿಂದ ಕೆತ್ತುವುದು ಹಳೆಯ ದಾರಿ. ಇದರ ಬಗ್ಗೆ ಹೇಳಬೇಕಾದ್ದು ಕಡಿಮೆ. ಚಿಕ್ಕ ಅಳತೆಗೆ ಇದು ಸಾಕು. ಎರಡನೆಯದು ಪ್ಲೈವುಡ್ಡಿನ ಅಡ್ಡಗೋಡೆಗಳನ್ನು ನಡುವಿನ ಬೆನ್ನುಹಲಗೆಗೆ ಸಿಕ್ಕಿಸಿ ಮೇಲೆ ಪಟ್ಟಿ ಹೊದಿಸುವ ರೀತಿ. ಇಟಲಿ, ಸ್ಪೇನ್, ಡೆನ್ಮಾರ್ಕ್‌ಗಳಿಂದ ಬರುವ ಕಿಟ್‌ಗಳಲ್ಲಿ ಬಹುಪಾಲು ಇದೇ. ಲೇಸರ್ ಈಗ ಈ ಭಾಗಗಳನ್ನು ಕೂದಲೆಳೆಯಷ್ಟು ನಿಖರವಾಗಿ ಕತ್ತರಿಸಿ ಕೊಡುತ್ತದೆ. ಆದರೆ ಸುಟ್ಟ ಅಂಚು ಅಂಟನ್ನು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಆ ಕಪ್ಪನ್ನು ಕೆರೆದು ತೆಗೆಯಲೇಬೇಕು.

ಮೂರನೆಯದು ನಿಜದ ಹಡಗಿನಂತೆಯೇ ಪಕ್ಕೆಲುಬುಗಳನ್ನು ತುಂಡು ತುಂಡಾಗಿ ಜೋಡಿಸಿ, ತಳದೂಲದ ಮೇಲೆ ನಿಲ್ಲಿಸಿ, ಹಲಗೆ ಹೊದಿಸುವುದು. ಪ್ರತಿಯೊಂದು ಪಕ್ಕೆಲುಬನ್ನೂ ಬೇರೆ ಬೇರೆಯಾಗಿ ಬರೆದು, ಕತ್ತರಿಸಿ, ಓರೆಗೊಳಿಸಬೇಕಾದ್ದರಿಂದ ಇಲ್ಲಿ ತಾಳ್ಮೆಯ ಪರೀಕ್ಷೆ ಆಗುತ್ತದೆ. ಅಮೆರಿಕದ ಹೆರಾಲ್ಡ್ ಹಾನ್ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು. ಹಡಗನ್ನು ತಲೆಕೆಳಗಾಗಿಸಿ, ಪಕ್ಕೆಲುಬುಗಳ ತುದಿಗಳನ್ನು ಬೇಕೆಂದೇ ಉದ್ದ ಬಿಟ್ಟು, ಕಚ್ಚು ಕೊರೆದ ಒಂದು ಸಮತಟ್ಟಾದ ಹಲಗೆಯೊಳಗೆ ಅವನ್ನು ನಿಲ್ಲಿಸಿದರು. ಎಲ್ಲವೂ ಅಂಟಿ ಗಟ್ಟಿಯಾದ ಮೇಲೆ ಹೆಚ್ಚಿನ ತುದಿಗಳನ್ನು ಕತ್ತರಿಸಿದರೆ ಒಡಲು ಬಿಡುಗಡೆಯಾಗುತ್ತದೆ. ಡೊಂಕು ಬರುವ ಅವಕಾಶವೇ ಕಡಿಮೆ. ಒಂದು ಯಂತ್ರವನ್ನೂ ಕೊಳ್ಳದೆ ಕೆಲಸದ ಗುಣವನ್ನು ಹೆಚ್ಚಿಸುವ ಇಂಥ ಉಪಾಯಗಳೇ ಈ ಕಸುಬಿನ ನಿಜವಾದ ಸಂಪತ್ತು.

ಈಗ ಮರ. ತೇಗದ ಹಡಗಿಗೆ ತೇಗವೇ ಸರಿ ಎಂದು ಯಾರಿಗಾದರೂ ಅನಿಸಬಹುದು. ಅಳತೆ ಅದನ್ನು ಒಪ್ಪುವುದಿಲ್ಲ. ತೇಗದ ಮೈಮೇಲಿನ ರಂಧ್ರ ಕಾಲು ಮಿಲಿಮೀಟರು ಇದ್ದರೂ 1:48ರಲ್ಲಿ ಅದು 12 ಮಿಲಿಮೀಟರಿನ ತೂತಿಗೆ ಸಮ. ಅಂಥ ತೂತುಗಳಿಂದ ತುಂಬಿದ ಹಲಗೆಯಲ್ಲಿ ಯಾರೂ ಹಡಗು ಕಟ್ಟುತ್ತಿರಲಿಲ್ಲ. ಜೊತೆಗೆ ತೇಗದೊಳಗಿನ ಎಣ್ಣೆ ಅಂಟಿಗೆ ವೈರಿ. ಓಕ್‌ನ ಕಥೆಯೂ ಇದೇ. ಆದ್ದರಿಂದಲೇ ಹಿಂದಿನವರು ಎಳೆ ಕಾಣದಷ್ಟು ನಯವಾದ ಬಾಕ್ಸ್‌ವುಡ್ ಮತ್ತು ಪೇರ್ ಮರಗಳನ್ನು ಆರಿಸಿದರು. ಡೆಕ್ಕಿಗೆ ಬಿಳಿಯ ಹಾಲಿ ಮರ ಇಂದಿನವರಿಗೂ ಪ್ರಿಯ. ಬಾಲ್ಸಾ ಮಾತ್ರ ಬೇಡ. ಮೃದುವೆಂಬ ಕಾರಣಕ್ಕೆ ಹೊಸಬರು ಅದನ್ನು ಹಿಡಿಯುತ್ತಾರೆ, ಆದರೆ ಅದರಲ್ಲಿ ಚೂಪಾದ ಅಂಚು ನಿಲ್ಲುವುದಿಲ್ಲ.

ಹೊರದೇಶದ ಈ ಮರಗಳು ದುಬಾರಿಯೆಂದು ನಮ್ಮವರು ಕೈಚೆಲ್ಲಬೇಕಾಗಿಲ್ಲ. ಚನ್ನಪಟ್ಟಣದ ಗೊಂಬೆಗಾರರು ಕಡೆಯುವ ಹಾಲೆ ಮರ ದಂತದಂತೆ ಬೆಳ್ಳಗಿದ್ದು ಎಳೆ ಬಿಗಿಯಾಗಿರುತ್ತದೆ. ಚೆನ್ನಾಗಿ ಒಣಗಿಸಿದ ಹಾಲೆ ಡೆಕ್ಕಿನ ಹಲಗೆಗೂ ಕಡೆದು ಮಾಡುವ ಸಣ್ಣ ಭಾಗಗಳಿಗೂ ಹೇಳಿ ಮಾಡಿಸಿದಂತಿದೆ. ಹಳದಿ ಬಣ್ಣದ ಅರಿಸಿನತೇಗ ಹೆಸರಿಗೆ ತೇಗವಾದರೂ ಬೇರೆಯೇ ಮರ. ಬಾಬಿನ್, ಬಾಚಣಿಗೆಗಳಿಗೆ ಬಳಕೆಯಲ್ಲಿದ್ದ ಅದರ ಮೈ ಬಾಕ್ಸ್‌ವುಡ್ಡಿಗೆ ಹತ್ತಿರ. ಹಡಗಿನ ಮೂತಿಯ ಮೇಲಿನ ವಿಗ್ರಹ ಕೆತ್ತಬೇಕೆಂದಾಗ ಸಾಗರ, ಸೊರಬದ ಗುಡಿಗಾರರ ಕೆತ್ತನೆಯನ್ನು ಒಮ್ಮೆ ಕಣ್ಣಾರೆ ನೋಡಿ ಬಂದರೆ, ಎಷ್ಟು ಚಿಕ್ಕ ಉಳಿಯಿಂದ ಎಷ್ಟು ಆಳಕ್ಕೆ ಇಳಿಯಬಹುದೆಂಬುದು ಅರ್ಥವಾಗುತ್ತದೆ.

ಉಪಕರಣಗಳ ವಿಷಯವನ್ನು ಇಲ್ಲಿಯವರೆಗೆ ಮುಂದೂಡಿದ್ದಕ್ಕೆ ಕಾರಣವಿದೆ. ವಿಧಾನ ಮತ್ತು ಮರ ಗೊತ್ತಾದ ಮೇಲೆ ಪಟ್ಟಿ ತಾನಾಗಿಯೇ ಗಿಡ್ಡವಾಗುತ್ತದೆ. ಹನ್ನೊಂದನೇ ನಂಬರಿನ ಬ್ಲೇಡು ಕೂರುವ ಕೈಚಾಕು, ಉಕ್ಕಿನ ಸ್ಕೇಲು, ಮೂಲೆಮಟ್ಟ, ಕ್ಯಾಲಿಪರ್, ಬೆರಳಲ್ಲಿ ತಿರುಗಿಸುವ ಪುಟ್ಟ ಬೈರಿಗೆ ಮತ್ತು 0.3ರಿಂದ 1 ಮಿಲಿಮೀಟರಿನವರೆಗಿನ ಮೊನೆಗಳು, ಸೂಜಿ ಅರಗಳು, ಎರಡು ಒಳ್ಳೆಯ ಚಿಮುಟ, ಅಂಗೈಯಲ್ಲಿ ಹಿಡಿಸುವ ಉಜ್ಜುಗೊರಡು, ಕಡ್ಡಿಗೆ ಅಂಟಿಸಿದ ಉಪ್ಪುಕಾಗದ. ಕ್ಲ್ಯಾಂಪಿನ ಬದಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಬಹಳ ದೂರ ನಡೆಸುತ್ತವೆ. ಎಲ್ಲಕ್ಕಿಂತ ಮಿಗಿಲು ಸಾಣೆಕಲ್ಲು. ಮೊಂಡು ಬ್ಲೇಡು ಮರವನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಅಂಚು ಯಾವ ಅಂಟಿನಿಂದಲೂ ಕೂಡಿಕೊಳ್ಳದು. ಅಮೆರಿಕದ ಜಿಮ್ ಬರ್ನ್ಸ್ ತಯಾರಿಸಿದ ಪುಟ್ಟ ಟೇಬಲ್ ಗರಗಸವನ್ನು ಪಕ್ಕೆಲುಬಿನ ಮಾದರಿ ಕಟ್ಟುವವರು ಹಾಡಿ ಹೊಗಳುತ್ತಾರೆ, ಅದು ನ್ಯಾಯವೇ. ಆದರೆ ಹಲಗೆಯಿಂದ ಪಟ್ಟಿಯನ್ನು ತಾವೇ ಸೀಳಿಕೊಳ್ಳುವವರಿಗೆ ಮಾತ್ರ ಅಂಥ ಗರಗಸ ಬೇಕು. ಮೊದಲ ಹಡಗಿಗೆ ಅದನ್ನು ಕೊಳ್ಳಬೇಡಿ.

ಹಲಗೆ ಹೊದಿಸುವುದು ಒಡಲಿನ ಕೆಲಸದಲ್ಲೇ ಕಠಿಣವಾದ ಘಟ್ಟ. ಅದಕ್ಕೆ ಮುಂಚೆ ಪಕ್ಕೆಲುಬುಗಳ ಅಂಚನ್ನು ಓರೆಯಾಗಿ ಉಜ್ಜಿ, ಉದ್ದನೆಯ ತೆಳು ಪಟ್ಟಿಯೊಂದನ್ನು ಮೂತಿಯಿಂದ ಹಿಂಬದಿಯವರೆಗೆ ಒತ್ತಿಹಿಡಿದು, ಎಲ್ಲಿ ಉಬ್ಬು ಎಲ್ಲಿ ತಗ್ಗು ಎಂದು ಸರಿನೋಡಬೇಕು. ಇಲ್ಲಿ ಒಂದು ದಿನ ಉಳಿಸಿದವರು ಮುಂದೆ ಒಂದು ತಿಂಗಳು ಕಳೆಯುತ್ತಾರೆ. ಆಮೇಲಿನ ತೊಡಕು ಲೆಕ್ಕದ್ದು. ಹಡಗಿನ ನಡುವಿನಲ್ಲಿ ಹೊದಿಸಬೇಕಾದ ಸುತ್ತಳತೆ ಹೆಚ್ಚು, ಮೂತಿಯಲ್ಲಿ ಕಡಿಮೆ. ಹಲಗೆಗಳ ಸಂಖ್ಯೆ ಮಾತ್ರ ಎರಡೂ ಕಡೆ ಒಂದೇ. ಆದ್ದರಿಂದ ಪ್ರತಿ ಹಲಗೆಯೂ ತುದಿಯತ್ತ ಕಿರಿದಾಗಬೇಕು. ಕಾಗದದ ಪಟ್ಟಿಯಿಂದ ಪ್ರತಿ ಪಕ್ಕೆಲುಬಿನ ಉದ್ದವನ್ನು ಎತ್ತಿಕೊಂಡು ಹಲಗೆಗಳ ಸಂಖ್ಯೆಯಷ್ಟು ಪಾಲು ಮಾಡಿ ಗುರುತಿಸುವುದು ಸುಲಭದ ಮಾರ್ಗ. ತುದಿ ಅರ್ಧ ಅಗಲಕ್ಕಿಂತ ಕಿರಿದಾಗುವ ಪ್ರಸಂಗ ಬಂದರೆ ಎರಡು ಹಲಗೆಗಳನ್ನು ಒಂದಾಗಿಸಬೇಕೆಂಬುದು ನಿಜದ ಕಟ್ಟುಗರ ನಿಯಮ. ಮೊನಚಾದ ತುದಿಯಲ್ಲಿ ಮೊಳೆ ಹೊಡೆಯಲು ಜಾಗವಿರುವುದಿಲ್ಲ, ಅದಕ್ಕೆ.

ಬಗ್ಗಿಸುವ ವಿಷಯದಲ್ಲಿ ನೀರಿಗೆ ಅನಗತ್ಯ ಮಹತ್ವ ಸಿಕ್ಕಿದೆ. ಮರದ ಎಳೆಗಳನ್ನು ಹಿಡಿದಿರುವ ಲಿಗ್ನಿನ್ ಮೆತ್ತಗಾಗುವುದು ಬಿಸಿಯಿಂದ. ನೀರು ಆ ಬಿಸಿಯನ್ನು ಒಳಕ್ಕೆ ಒಯ್ಯುತ್ತದೆ, ಮರ ಸುಡದಂತೆ ಕಾಯುತ್ತದೆ. ಹೊತ್ತುಗಟ್ಟಲೆ ನೆನೆಸಿದ ಪಟ್ಟಿ ಉಬ್ಬಿ, ಒಣಗುವಾಗ ಕುಗ್ಗಿ, ಸಂದುಗಳು ಬಾಯಿಬಿಡುತ್ತವೆ. ಸ್ವಲ್ಪ ತೇವ ಮಾಡಿ ಇಸ್ತ್ರಿಪೆಟ್ಟಿಗೆಯ ಅಥವಾ ಹೇರ್ ಡ್ರೈಯರಿನ ಬಿಸಿ ಕೊಟ್ಟರೆ ಸಾಕು. ಅಗಲದ ದಿಕ್ಕಿನಲ್ಲಿ ಬಾಗಬೇಕಾದ ಹಲಗೆಗೂ ಇದೇ ಮದ್ದು. ಮೇಜಿಗೆ ಬಿಗಿದು, ಅಂಚಿನ ಕಡೆಗೆ ಬಗ್ಗಿಸಿ ಬಿಸಿ ಮಾಡಿದರೆ ಅದು ಅದೇ ಆಕಾರದಲ್ಲಿ ನಿಲ್ಲುತ್ತದೆ. ನಿಜದ ಹಡಗಿನಲ್ಲಿ ಇಂಥ ಹಲಗೆಗಳನ್ನು ಅಗಲ ಮರದಿಂದ ಬಾಗಾಗಿಯೇ ಕತ್ತರಿಸುತ್ತಿದ್ದರು. ಮರ ವ್ಯರ್ಥವಾದರೂ ಪಕ್ಕೆಲುಬಿನ ಮಾದರಿಯಲ್ಲಿ ನಾನು ಆ ಹಳೆಯ ರೀತಿಯ ಪರ.

ಕಿಟ್‌ಗಳಲ್ಲಿ ಅಳತೆ ತಪ್ಪುವುದು ಹೆಚ್ಚಾಗಿ ಹಲಗೆಯ ಅಗಲದಲ್ಲಿ. 1:96ರ ಹಡಗಿಗೆ 5 ಮಿಲಿಮೀಟರಿನ ಪಟ್ಟಿ ಕೊಟ್ಟರೆ ಅದು 48 ಸೆಂಟಿಮೀಟರು ಅಗಲದ ಹಲಗೆಯಾಯಿತು. ನಿಜದ ಡೆಕ್ಕಿನ ಹಲಗೆ ಒಂದು ಅಡಿಯ ಆಸುಪಾಸು. 1:96ರಲ್ಲಿ ಸುಮಾರು 3 ಮಿಲಿಮೀಟರು. ಮೂತಿಯಿಂದ ಹಿಂಬದಿಯವರೆಗೆ ಒಂದೇ ಪಟ್ಟಿ ಎಳೆಯುವುದೂ ಸುಳ್ಳೇ. 24 ಅಡಿಯ ಹಲಗೆ ಎಂದುಕೊಂಡರೆ 1:48ರಲ್ಲಿ 15 ಸೆಂಟಿಮೀಟರಿಗೊಂದು ಜೋಡಣೆ ಬರಬೇಕು, ಮತ್ತು ಪಕ್ಕಪಕ್ಕದ ಸಾಲುಗಳಲ್ಲಿ ಆ ಜೋಡಣೆಗಳು ಒಂದೇ ತೊಲೆಯ ಮೇಲೆ ಕೂರಬಾರದು.

ಹಲಗೆಗೆ ಬಡಿಯುವ ಮರದ ಗೂಟಗಳನ್ನು ಮಾಡುವ ರೀತಿ ನನಗೆ ತುಂಬ ಪ್ರಿಯ. ಒಂದಿಂಚಿನ ಗೂಟ 1:48ರಲ್ಲಿ ಅರ್ಧ ಮಿಲಿಮೀಟರಿಗೆ ಬರುತ್ತದೆ. ಅಷ್ಟು ಸಣ್ಣ ಗೂಟವನ್ನು ಕಡೆಯಲಾಗದು, ಎಳೆಯಬೇಕು. ಬಿದಿರಿನ ಸೀಳನ್ನು ಉಕ್ಕಿನ ತಗಡಿನ ತೂತುಗಳಲ್ಲಿ ಒಂದಕ್ಕಿಂತ ಒಂದು ಕಿರಿದಾಗುವಂತೆ ತೂರಿಸಿ ಎಳೆದರೆ ದುಂಡನೆಯ ಎಳೆ ಸಿಗುತ್ತದೆ. ಬಿದಿರೇ ಏಕೆಂದರೆ ಅದರ ನಾರು ಉದ್ದಕ್ಕೂ ನೇರವಾಗಿ ಸೀಳುತ್ತದೆ, ನಡುವೆ ತುಂಡಾಗುವುದಿಲ್ಲ. ನಮ್ಮ ಅಕ್ಕಸಾಲಿಗರು ಚಿನ್ನದ ತಂತಿ ಎಳೆಯುವ ಕಂಬಚ್ಚು ಇದೇ ತತ್ತ್ವದ ಸಾಧನ. ಪಕ್ಕದ ಬೀದಿಯ ಅಕ್ಕಸಾಲಿಗರ ಅಂಗಡಿಯಲ್ಲಿ ಕೇಳಿದರೆ ಈ ಕಸುಬಿನ ಅರ್ಧ ಉಪಕರಣಗಳು ಕಣ್ಣಿಗೆ ಬೀಳುತ್ತವೆ.

ತಳಕ್ಕೆ ತಾಮ್ರ ಹೊದಿಸುವವರು ಒಂದು ಲೆಕ್ಕ ನೆನಪಿಡಬೇಕು. ಬ್ರಿಟಿಷ್ ನೌಕೆಗಳ ತಾಮ್ರದ ತಗಡು 4 ಅಡಿ ಉದ್ದ, 14 ಇಂಚು ಅಗಲ. 1:48ರಲ್ಲಿ 25 ಮಿಲಿಮೀಟರಿಗೆ 7 ಮಿಲಿಮೀಟರು. ಮಾರುಕಟ್ಟೆಯ ತಗಡುಗಳ ಮೇಲೆ ಎದ್ದುಕಾಣುವ ಮೊಳೆತಲೆಗಳು ಅಳತೆಗೆ ತೀರ ದಪ್ಪ. ಅರ್ಧ ಇಂಚಿನ ಮೊಳೆತಲೆ ಇಲ್ಲಿ ಕಾಲು ಮಿಲಿಮೀಟರು ಅಷ್ಟೆ. ಅದನ್ನು ತೋರಿಸುವುದಕ್ಕಿಂತ ಬಿಟ್ಟುಬಿಡುವುದೇ ನಿಜಕ್ಕೆ ಹತ್ತಿರ.

ಬಿಡಿಭಾಗಗಳಲ್ಲಿ ಕೊಳ್ಳಬಹುದಾದ್ದು, ಕೊಳ್ಳಬಾರದ್ದು ಎರಡೂ ಇವೆ. ಟ್ರಿಂಕೊಮಲೀಯಂಥ ನೌಕೆಯ ಮುಖ್ಯ ಡೆಕ್ಕಿನಲ್ಲಿ 18 ಪೌಂಡಿನ ಗುಂಡು ಹಾರಿಸುವ ತೋಪುಗಳಿದ್ದವು. 8 ಅಡಿಯ ತೋಪು ಮಾದರಿಯಲ್ಲಿ 5 ಸೆಂಟಿಮೀಟರು. ಲೇತ್‌ನಲ್ಲಿ ಕಡೆದ ಹಿತ್ತಾಳೆಯ ತೋಪನ್ನು ಕೊಳ್ಳಿ, ಬಣ್ಣ ಬಳಿಯಬೇಡಿ. ಚೆನ್ನಾಗಿ ತೊಳೆದು ರಾಸಾಯನಿಕದಿಂದ ಕಪ್ಪಾಗಿಸಿದರೆ ಅಂಚುಗಳ ಚೂಪು ಉಳಿಯುತ್ತದೆ. ರಾಟೆಗಳನ್ನು ಮಾತ್ರ ಹಾಗೇ ಬಳಸಬಾರದು. ಕಿಟ್‌ನೊಂದಿಗೆ ಬರುವವು ಚೌಕಾಕಾರದ ತುಂಡುಗಳು. ನಿಜದ ರಾಟೆ ದುಂಡು ಮೈಯದು, ಹಗ್ಗ ಕೂರಲು ಬದಿಗಳಲ್ಲಿ ತೋಡು ಇರುವಂಥದು. ಒಳಗೆ ಉಪ್ಪುಕಾಗದ ಅಂಟಿಸಿದ ಡಬ್ಬಿಯಲ್ಲಿ ತುಂಬಿ ಚಿಕ್ಕ ಮೋಟಾರಿನಿಂದ ಉರುಳಿಸಿದರೆ ನೂರಾರು ರಾಟೆಗಳ ಮೂಲೆಗಳು ಒಟ್ಟಿಗೇ ನುಣುಪಾಗುತ್ತವೆ. ಮೂರು ತೂತಿನ ಮರದ ಬಿಲ್ಲೆಗಳು, ಹಗ್ಗ ಸುತ್ತುವ ಗೂಟಗಳು, ಲಂಗರು, ಜಾಲರಿಗಳಿಗೂ ಇದೇ ಮಾತು: ಕೊಂಡರೂ ತಿದ್ದಿಕೊಳ್ಳಬೇಕು. ತ್ರೀಡಿ ಮುದ್ರಣದ ರಾಳದ ವಿಗ್ರಹಗಳು ಈಗ ಬಹಳ ಸೂಕ್ಷ್ಮವಾಗಿ ಬರುತ್ತಿವೆ. ಆದರೆ ಬೆಳಕಿಗೆ ಗಟ್ಟಿಯಾಗುವ ರಾಳ ಬೆಳಕಿಗೇ ಹಳದಿಯಾಗುತ್ತದೆ. ಮರದ ಹಡಗಿನ ಮೂತಿಯಲ್ಲಿ ಮರದ ವಿಗ್ರಹವೇ ಇರಲಿ ಎಂಬುದು ನನ್ನ ಹಟ.

ಸೀಸದ ಬಿಡಿಭಾಗಗಳನ್ನು ಮಾತ್ರ ಮನೆಯೊಳಗೇ ಬಿಟ್ಟುಕೊಳ್ಳಬಾರದು. ಮರ ಮತ್ತು ಕೆಲವು ಅಂಟುಗಳು ಅಸಿಟಿಕ್ ಆಮ್ಲದ ಆವಿಯನ್ನು ನಿಧಾನವಾಗಿ ಬಿಡುತ್ತಿರುತ್ತವೆ, ಓಕ್ ಅದರಲ್ಲಿ ಮುಂದು. ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಆ ಆವಿ ಸೇರಿಕೊಂಡು ಸೀಸವನ್ನು ಬಿಳಿಯ ಪುಡಿಯಾಗಿಸುತ್ತದೆ. ಅಮೆರಿಕದ ನೌಕಾಪಡೆಯ ಮಾದರಿ ಸಂಗ್ರಹದ ಕ್ಯೂರೇಟರುಗಳು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ದಶಕಗಳ ಹಿಂದಿನ ಮಾದರಿಗಳಲ್ಲಿ ಒಡಲು ಗಟ್ಟಿಮುಟ್ಟಾಗಿದ್ದು ಲಂಗರು, ತೋಪುಗಳು ಪುಡಿಯಾಗಿ ಉದುರಿರುವುದು ನಿಜಕ್ಕೂ ನೋವಿನ ದೃಶ್ಯ. ಪೆಟ್ಟಿಗೆಗೆ ಗಾಳಿಯಾಡಲು ಕಿಂಡಿ ಇಡುವುದು, ಓಕ್‌ನ ಚೌಕಟ್ಟು ಬಿಡುವುದು, ಸೀಸ ಬೆರೆತ ಎರಕವನ್ನು ಮುಟ್ಟದಿರುವುದು, ಈ ಮೂರರಿಂದ ಅದನ್ನು ತಪ್ಪಿಸಬಹುದು.

ಅಂಟಿನ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಮರಕ್ಕೆ ಮರ ಸೇರಿಸಲು ಫೆವಿಕಾಲ್ ಜಾತಿಯ ಬಿಳಿ ಅಂಟು ಸಾಕು. ಕ್ಷಣದಲ್ಲಿ ಹಿಡಿಯುವ ಸಯನೊಅಕ್ರಿಲೇಟ್ ಅವಸರಕ್ಕೆ ಒಳ್ಳೆಯದಾದರೂ ಪೆಟ್ಟು ಬಿದ್ದರೆ ಪಟ್ಟನೆ ಬಿಡುತ್ತದೆ, ಚೆಲ್ಲಿದಲ್ಲಿ ಕಲೆ ಉಳಿಸುತ್ತದೆ. ಲೋಹಕ್ಕೆ ಎಪಾಕ್ಸಿ. ಹಿಂದಿನವರ ಮರವಜ್ರವೆಂಬ ಅಂಟಿಗೆ ಒಂದು ದೊಡ್ಡ ಗುಣವಿತ್ತು: ಬಿಸಿನೀರು ತಾಕಿಸಿದರೆ ಬಿಡುತ್ತಿತ್ತು, ರಿಪೇರಿ ಮಾಡುವವನಿಗೆ ದಾರಿಯಿತ್ತು. ಮೇಲಿನ ಲೇಪಕ್ಕೆ ಅರಗಿನಿಂದಾದ ಶೆಲಾಕ್ ಅನ್ನು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಕರಗಿಸಿ ಒರೆಸುವುದಕ್ಕಿಂತ ಚೆಂದದ್ದು ನನಗೆ ಕಂಡಿಲ್ಲ. ಹೊಳಪಿನ ವಾರ್ನಿಷ್ ಹಡಗನ್ನು ಪೀಠೋಪಕರಣ ಮಾಡಿಬಿಡುತ್ತದೆ.

ಕೊನೆಗೆ ಹಗ್ಗ. ನೆಲ್ಸನ್‌ನ ‘ವಿಕ್ಟರಿ’ ಹಡಗಿನಲ್ಲಿ ಸುಮಾರು 26 ಮೈಲಿ ಹಗ್ಗವಿತ್ತು ಎನ್ನುತ್ತಾರೆ. 1:48ರಲ್ಲಿ ಅದು ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು. ನೋಡುವವರ ಕಣ್ಣು ಮೊದಲು ಹೋಗುವುದೂ ಇಲ್ಲಿಗೇ, ಕಟ್ಟುವವರು ಮೊದಲು ಸೋಲುವುದೂ ಇಲ್ಲೇ. ಹಳೆಯ ಕೋಷ್ಟಕಗಳಲ್ಲಿ ಹಗ್ಗದ ಅಳತೆ ಎಂದರೆ ಸುತ್ತಳತೆ, ವ್ಯಾಸವಲ್ಲ. 18 ಇಂಚಿನ ಹಗ್ಗದ ವ್ಯಾಸ 6 ಇಂಚಿಗೂ ಕಡಿಮೆ, ಮಾದರಿಯಲ್ಲಿ 3 ಮಿಲಿಮೀಟರು. ವ್ಯಾಸವೆಂದು ತಿಳಿದವರು ಒಂಬತ್ತೂವರೆ ಮಿಲಿಮೀಟರಿನ ಹಗ್ಗ ಕಟ್ಟಿಬಿಡುತ್ತಾರೆ. ಕೂವೆಕಂಬವನ್ನು ಹಿಡಿದಿಡುವ ಹಗ್ಗಗಳು ಡಾಂಬರು ಬಳಿದ ಕಡುಗಂದು, ಹಾಯಿಯನ್ನು ಆಡಿಸುವವು ನಾರಿನ ಸಹಜ ಬಣ್ಣ. ಎರಡೂ ಒಂದೇ ಬಣ್ಣದಲ್ಲಿದ್ದರೆ ಹಡಗು ಹೇಗೆ ಕೆಲಸಮಾಡುತ್ತಿತ್ತೆಂಬುದೇ ಕಾಣದಾಗುತ್ತದೆ.

ಹೊಲಿಗೆ ದಾರ ಹಗ್ಗದಂತೆ ಕಾಣುವುದಿಲ್ಲ, ಅದಕ್ಕೆ ಹಗ್ಗವನ್ನು ಹೊಸೆಯಬೇಕು. ಮೂರು ಎಳೆಗಳನ್ನು ಒಂದು ದಿಕ್ಕಿಗೆ ಹುರಿಗೊಳಿಸುತ್ತಲೇ ಅವನ್ನು ಒಟ್ಟಾಗಿ ಎದುರು ದಿಕ್ಕಿಗೆ ತಿರುಗಿಸುವ ಪುಟ್ಟ ಸಾಧನವನ್ನು ಗಿಯರು, ಕೊಕ್ಕೆಗಳಿಂದ ಮನೆಯಲ್ಲೇ ಮಾಡಿಕೊಳ್ಳಬಹುದು. ಎರಡು ಹುರಿಗಳೂ ಒಂದನ್ನೊಂದು ತಡೆದು ನಿಲ್ಲುವುದರಿಂದ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ತಿಕ್ಕಾಟ ಹೆಚ್ಚಿರುವಲ್ಲಿ ಹಗ್ಗಕ್ಕೆ ಸಣ್ಣ ದಾರ ಸುತ್ತುತ್ತಿದ್ದರು. ಮಾದರಿಗೂ ಅದನ್ನು ಸುತ್ತಲು ಎರಡೂ ತುದಿಯಿಂದ ಒಂದೇ ವೇಗದಲ್ಲಿ ತಿರುಗುವ ಚೌಕಟ್ಟೊಂದು ಬೇಕು. ನನ್ನನ್ನು ಕೇಳಿದರೆ, ಗರಗಸಕ್ಕಿಂತ ಮೊದಲು ಮಾಡಿಕೊಳ್ಳಬೇಕಾದ ಸಾಧನಗಳು ಈ ಎರಡು. ಕೂವೆಯೇರುವ ಹಗ್ಗದ ಮೆಟ್ಟಿಲುಗಳು 13 ಇಂಚಿಗೊಂದು, ಅಂದರೆ 7 ಮಿಲಿಮೀಟರಿಗೊಂದು. ಹಿಂದೆ ಗೆರೆ ಎಳೆದ ಕಾಗದ ಇಟ್ಟು ಒಂದೊಂದೇ ಗಂಟು ಹಾಕಬೇಕು, ಬೇರೆ ದಾರಿಯಿಲ್ಲ. ಕರಾವಳಿಯ ಮಳೆಗಾಲದಲ್ಲಿ ಲಿನನ್ ದಾರ ಬಿಗಿದು, ಬೇಸಗೆಯಲ್ಲಿ ಸಡಿಲವಾಗುವುದನ್ನು ಕಂಡವರು ಪಾಲಿಯೆಸ್ಟರ್ ದಾರಕ್ಕೆ ಹೊರಳುತ್ತಾರೆ, ಅದರಲ್ಲಿ ತಪ್ಪಿಲ್ಲ.

ಇಷ್ಟೆಲ್ಲ ವಿಧಾನಗಳು ಯುರೋಪಿನ ಹಡಗುಗಳಿಗಾಗಿ ಬೆಳೆದವು. ನಮ್ಮ ತೀರದ ಹಡಗುಗಳಿಗೆ ಇವು ಹಾಗೆಯೇ ಒದಗುವುದಿಲ್ಲ. ಪಶ್ಚಿಮ ಕರಾವಳಿಯ ಪತ್ತೆಮಾರಿ ಹಡಗನ್ನು ಫ್ರೆಂಚ್ ನೌಕಾಧಿಕಾರಿ ಎಡ್ಮೊಂ ಪಾರಿಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಅಳೆದು ಚಿತ್ರಿಸಿದ್ದರಿಂದ ಅದನ್ನು ಕಟ್ಟಲು ಆಧಾರವಿದೆ. ಬೇಪೂರಿನ ಉರು ಹಡಗುಗಳಲ್ಲಿ ಕಾಗದದ ನಕ್ಷೆಯಿಲ್ಲದೆ ಮೊದಲು ಹಲಗೆಯ ಚಿಪ್ಪು ಕಟ್ಟಿ ಆಮೇಲೆ ಪಕ್ಕೆಲುಬು ಸೇರಿಸುವ ಪದ್ಧತಿ ಇತ್ತು. ಅಂಥ ಉರುವನ್ನು ಪಕ್ಕೆಲುಬಿನಿಂದ ಆರಂಭಿಸಿದರೆ ಹೊರಗಿನ ಆಕಾರ ಬಂದರೂ ಕಟ್ಟೋಣದ ಕ್ರಮ ಸುಳ್ಳಾಗುತ್ತದೆ. ಆದ್ದರಿಂದ, ಆಮೇಲೆ ಕಳಚಬಹುದಾದ ಅಚ್ಚಿನ ಮೇಲೆ ಮೊದಲು ಚಿಪ್ಪು ಕಟ್ಟಬೇಕು.

ಅಜಂತಾದ ಚಿತ್ರವನ್ನು ಆಧರಿಸಿ ಕಟ್ಟಿದ, 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಇನ್ನೂ ಹೊಸ ಸವಾಲು. ಅದರ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯಲಾಗಿದೆ. ಸುಮಾರು 19.6 ಮೀಟರಿನ ಈ ಹಡಗಿಗೆ 1:48 ತೀರ ಸಣ್ಣದು, ಹೊಲಿಗೆ ಬರಿಯ ಗೆರೆಯಾಗಿಬಿಡುತ್ತದೆ. 1:24ರಲ್ಲಿ ಒಡಲು 82 ಸೆಂಟಿಮೀಟರಿಗೆ ಬರುತ್ತದೆ, ಹೊಲಿಗೆಯ ಹಗ್ಗವನ್ನು ಕೈಯಲ್ಲೇ ಹೊಸೆದು ಸೂಜಿಯಿಂದ ತೂರಿಸಲು ಸಾಧ್ಯವಾಗುತ್ತದೆ. ಅಂಚಿನುದ್ದಕ್ಕೂ ಒಂದೇ ಅಂತರದಲ್ಲಿ ತೂತು ಕೊರೆಯಲು ಹಿತ್ತಾಳೆಯ ಪಟ್ಟಿಯೊಂದನ್ನು ಮೊದಲೇ ತೂತು ಮಾಡಿಟ್ಟುಕೊಂಡು, ಹಲಗೆಗಳನ್ನು ಅಚ್ಚಿನ ಮೇಲೆ ಬಗ್ಗಿಸಿ ಒಣಗಿಸಿದ ನಂತರವೇ ಬೈರಿಗೆ ಹಿಡಿಯಬೇಕು. ಬಗ್ಗಿಸುವ ಮೊದಲೇ ಕೊರೆದರೆ ಮರ ಆ ತೂತುಗಳಲ್ಲೇ ಮುರಿಯುತ್ತದೆ.